ಕಾರವಾರದ ಮೀನು ಹೋಟೆಲಿನ ಮೆನುವಿನಲ್ಲಿ ‘ಎಪಿಎಸ್’ ಅಂದರೇನು? ಅಲ್ಲಿ ಏನು ತರಿಸಬೇಕು?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಸ್ಟೇಕ್‌ಹೌಸು, ಬಾರ್ಬೆಕ್ಯೂ ಎಲ್ಲ ಗೊತ್ತು, ಡಿಸೆಂಬರಿನಲ್ಲಿ ನಾಲ್ವರು ಕಾರವಾರ, ಅಂಕೋಲಾ, ಗೋಕರ್ಣಕ್ಕೆ ಬರುತ್ತಿದ್ದೀರಿ, ಅದರಲ್ಲಿ ಒಂದು ಮಗು, ಒಬ್ಬರು ಸಸ್ಯಾಹಾರಿ. ಮೀನಿನ ಹೆಸರು ತಿಳಿಯುವುದಿಲ್ಲ, ಬೆಲೆಯ ಜಾಗದಲ್ಲಿ ‘ಎಪಿಎಸ್’ ಅಂತಿರುತ್ತದೆ. ಮೋಸ ಹೋಗದ ಹಾಗೆ ತಿನ್ನುವುದು ಹೇಗೆ?

ಎಪಿಎಸ್ ಮೋಸವಲ್ಲ. ‘ಆ್ಯಸ್ ಪರ್ ಸೈಜ್’, ಮೀನು ಎಷ್ಟು ದೊಡ್ಡದೋ ಅಷ್ಟು ದುಡ್ಡು. ಪಾಪ್ಲೆಟ್ (ಪಾಂಫ್ರೆಟ್) ಒಂದು ದಿನ 200 ಗ್ರಾಮಿನದು ಬರುತ್ತದೆ, ಇನ್ನೊಂದು ದಿನ ಅರ್ಧ ಕಿಲೋದ್ದು. ಮೆನುವಿನಲ್ಲಿ ಒಂದೇ ಬೆಲೆ ಅಚ್ಚು ಹಾಕಿಸಲು ಆಗುವುದಿಲ್ಲ. ಜಗಳ ಹುಟ್ಟುವುದು ಎಪಿಎಸ್‌ನಿಂದಲ್ಲ, ತಿಂದಾದ ಮೇಲೆ ಬೆಲೆ ಕೇಳುವುದರಿಂದ. ಕೂತ ಕೂಡಲೇ ಮೆನು ಬಿಡಿಸಬೇಡಿ. “ಅಣ್ಣಾ, ಇವತ್ತು ಎಂತ ಮೀನು ಬಂದದೆ?” ಅಂತ ಕೇಳಿ. ಆಮೇಲೆ “ಒಂಚೂರು ತೋರ್ಸಿ” ಅನ್ನಿ. ಇಲ್ಲಿ ಹಾಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆಯಲ್ಲಿ ಹಸಿ ಮೀನು ತಂದು ತೋರಿಸುವ ರೂಢಿ ಬಹಳ ಕಡೆ ಇದೆ. ಇದಕ್ಕೆಷ್ಟು, ಮಸಾಲೆ ಹಚ್ಚಿ ಕರಿದುಕೊಡುವುದೂ ಸೇರಿ ಎಷ್ಟು, ಎಂದು ಆಗಲೇ ಇತ್ಯರ್ಥ ಮಾಡಿಕೊಳ್ಳಿ. ತೂಕದ ಲೆಕ್ಕವಾದರೆ ಅದು ಇಡೀ ಮೀನಿನ ತೂಕವೋ ಹೊಟ್ಟೆ ತೆಗೆದ ಮೇಲಿನದೋ ಕೇಳಿ. ಇಡೀ ಮೀನಿನಲ್ಲಿ ತಲೆ, ಹೊಟ್ಟೆ, ಮೂಳೆ ಹೋಗಿ ಬಾಯಿಗೆ ಬರುವುದು ಸುಮಾರು ಅರ್ಧ. ಒಬ್ಬರಿಗೆ 250 ಗ್ರಾಂ, ಇಬ್ಬರಿಗೆ 500 ಗ್ರಾಮಿನ ಇಡೀ ಮೀನು ಸಾಕು, ಜೊತೆಗೆ ಅನ್ನ-ಸಾರು ಹೇಗೂ ಇರುತ್ತದಲ್ಲ.

ಹೆಸರಿನ ಗೊಂದಲಕ್ಕೆ ಕಾರಣ, ನೀವು ಬೆಂಗಳೂರಿನಲ್ಲಿ ಕಲಿತದ್ದು ಮಂಗಳೂರು ಹೋಟೆಲುಗಳ ಹೆಸರು. ಅಲ್ಲಿಯ ಅಂಜಲ್ (ಕಿಂಗ್‌ಫಿಷ್) ಇಲ್ಲಿ ಇಸವಣ. ಅಲ್ಲಿಯ ಕಾಣೆ (ಲೇಡಿಫಿಷ್) ಇಲ್ಲಿ ನೋಗ್ಲಿ. ಬೂತಾಯಿ (ಸಾರ್ಡೀನ್) ಇಲ್ಲಿ ತಾರ್ಲೆ, ಮಾಂಜಿ ಇಲ್ಲಿ ಪಾಪ್ಲೆಟ್, ಮರ್ವಾಯಿ ಎಂಬ ಚಿಪ್ಪುಮೀನು ಇಲ್ಲಿ ಕಾರವಾರದ ಕಡೆ ತಿಸ್ರೆ, ಕುಮಟಾದ ಕಡೆ ಬಳಚು. ಬಂಗುಡೆ ಮಾತ್ರ ಎಲ್ಲಿ ಹೋದರೂ ಹೆಚ್ಚುಕಡಿಮೆ ಬಂಗುಡೆಯೇ. ಸಿಗಡಿಗೆ ಕೊಂಕಣಿಯಲ್ಲಿ ಸುಂಗಟ, ಏಡಿಗೆ ಕುರ್ಲಿ. ಕಾರವಾರದ ಹೋಟೆಲಿನಲ್ಲಿ ಎರಡೂ ಮಾತು ಕಿವಿಗೆ ಬೀಳುತ್ತವೆ.

ಸ್ಟೇಕ್ ತಿಂದವರಿಗೆ ಇಸವಣ ಅರ್ಥವಾಗುವುದು ಸುಲಭ, ಏಕೆಂದರೆ ಅದೂ ಬೆನ್ನುಮೂಳೆಗೆ ಅಡ್ಡಲಾಗಿ ಕೊಯ್ದ ತುಂಡೇ. ಒಂದೇ ಮೀನಿನ ಎಲ್ಲ ತುಂಡೂ ಒಂದೇ ಅಲ್ಲ. ಹೊಟ್ಟೆಯ ಭಾಗದ ತುಂಡು ಕುದುರೆ ಲಾಳದ ಹಾಗೆ, ನಡುವೆ ಟೊಳ್ಳು. ಅಂಚಿನ ಮಾಂಸ ತೆಳು, ಆದರೆ ಕೊಬ್ಬು ಇರುವುದು ಅಲ್ಲೇ, ರುಚಿಯೂ ಅಲ್ಲೇ. ಹೊಟ್ಟೆ ಮುಗಿದ ಮೇಲಿನ ತುಂಡು ತುಂಬಿದ ಗುಂಡಗಿನ ಬಿಲ್ಲೆ, ನಡುವೆ ಒಂದೇ ಮೂಳೆ, ಸುತ್ತ ನಾಲ್ಕು ಎಸಳು ಮಾಂಸ, ಮಗುವಿಗೆ ಇದು. ಬಾಲದ ಕಡೆಯದು ಚಿಕ್ಕದು, ಬೇಗ ಒಣಗುತ್ತದೆ. ತಲೆ ಸಾರಿಗೆ ಹೋಗುತ್ತದೆ, ಸಿಕ್ಕರೆ ಬಿಡಬೇಡಿ. ದಪ್ಪ ಒಂದು, ಒಂದೂವರೆ ಸೆಂಟಿಮೀಟರ್ ಇದ್ದರೆ ಚೆನ್ನ. ಅದಕ್ಕಿಂತ ತೆಳುವಾದರೆ ಹೊರಗಿನ ಮಸಾಲೆ ಕೆಂಪಾಗುವಷ್ಟರಲ್ಲಿ ಒಳಗೆ ಕಟ್ಟಿಗೆ.

ರವಾ ಫ್ರೈಯೋ ಮಸಾಲಾ ಫ್ರೈಯೋ ಎಂದು ಕೇಳುತ್ತಾರೆ. ಮಸಾಲಾದಲ್ಲಿ ಅರೆದ ಮೆಣಸು, ಬೆಳ್ಳುಳ್ಳಿ, ಹುಳಿ ಹಚ್ಚಿ ಕಾವಲಿಯ ಮೇಲೆ ಬೇಯಿಸುತ್ತಾರೆ. ರವಾ ಫ್ರೈ ಕಾರವಾರ-ಗೋವಾ ಕಡೆಯ ರೂಢಿ: ಉಪ್ಪು, ಅರಶಿನ, ಖಾರದ ಪುಡಿ, ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿಯಲ್ಲಿ ಎಣ್ಣೆ ಬಿಟ್ಟು ಎರಡೂ ಬದಿ. ಮೀನು ತಾಜಾ ಇದ್ದರೆ ನಾನಾದರೆ ರವೆಯನ್ನೇ ಹೇಳುತ್ತೇನೆ, ಮೀನಿನ ರುಚಿ ಮೇಲೆ ನಿಲ್ಲುತ್ತದೆ. ಒಂದು ಎಚ್ಚರ: ರವೆ ಹೊದ್ದ ಮೀನಿನ ಬಣ್ಣ ಕಾಣುವುದಿಲ್ಲ, ಆದ್ದರಿಂದಲೇ ಮೊದಲೇ ಹಸಿ ಮೀನು ನೋಡಿ ಎಂದದ್ದು.

ಫ್ರೈ ಎಣ್ಣೆ ಕುಡಿದು ಬಂದರೆ ಅದು ಅಡುಗೆಯವನ ಕೈಗಿಂತ ಹೆಚ್ಚಾಗಿ ಗಡಿಯಾರದ ತಪ್ಪು. ಒಂದರಿಂದ ಎರಡು ಗಂಟೆಯ ನೂಕುನುಗ್ಗಲಿನಲ್ಲಿ ಕಾವಲಿ ತುಂಬ ಮೀನು ಹಾಕುತ್ತಾರೆ, ಕಾವಲಿ ತಣ್ಣಗಾಗುತ್ತದೆ, ರವೆ ಗರಿಯಾಗುವ ಬದಲು ಎಣ್ಣೆ ಹೀರುತ್ತದೆ. ಹನ್ನೆರಡೂಕಾಲಿಗೆ ಹೋಗಿ. ಇನ್ನೊಂದು ತಪ್ಪು ನಮ್ಮದೇ: ನಾಲ್ಕೈದು ಫ್ರೈ ಒಟ್ಟಿಗೆ ಹೇಳುವುದು. ರವೆ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಎರಡು ಹೇಳಿ, ಅವು ಅರ್ಧ ಮುಗಿದಾಗ ಮತ್ತೆರಡು.

ಸ್ಟೇಕ್‌ಗೆ ಕೇಳುವ ಹಾಗೆ ಎಷ್ಟು ಬೇಯಿಸಲಿ ಎಂದು ಇಲ್ಲಿ ಕೇಳುವುದಿಲ್ಲ, ಆದರೆ ಬೆಂದದ್ದನ್ನು ನೋಡುವ ಜಾಗ ಒಂದಿದೆ. ಬೆನ್ನುಮೂಳೆಯ ಪಕ್ಕ ಬೆರಳಿನಿಂದ ಒಂದು ಎಸಳು ಎತ್ತಿ. ಮಾಂಸ ಗಾಜಿನಂತೆ ಅರೆಪಾರದರ್ಶಕವಾಗಿದ್ದು ಮೂಳೆಗೆ ಅಂಟಿದ್ದರೆ ಬೆಂದಿಲ್ಲ, ವಾಪಸ್ ಕೊಡಿ. ಹಾಲಿನಂತೆ ಬೆಳ್ಳಗಾಗಿ ಮೂಳೆ ಬಿಟ್ಟು ಪದರ ಪದರವಾಗಿ ಬಂದರೆ ಸರಿಯಾಗಿದೆ, ಮೀನೂ ಹೊಸದು. ಪದರವೇ ಇಲ್ಲದೆ ಹಿಟ್ಟಿನ ಹಾಗೆ ಕಲಸಿಹೋದರೆ ಹಳತು. ಹತ್ತಿಯ ಹಾಗೆ ಒಣಒಣ ಇದ್ದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದ ಮೀನು ಇರಬಹುದು: ಒಳಗೆ ಮಂಜಿನ ಹರಳು ಕಟ್ಟಿ ಮಾಂಸದ ಎಳೆ ಹರಿದಿರುತ್ತದೆ, ಕರಗಿದಾಗ ನೀರೆಲ್ಲ ಸೋರಿಹೋಗುತ್ತದೆ. ಅಂಥ ಮೀನಿನ ರವೆಯೂ ಚಕ್ಕೆಯಾಗಿ ಕಳಚುತ್ತದೆ.

ಹಸಿ ಮೀನು ನೋಡುವಾಗ ಕಣ್ಣು ಉಬ್ಬಿ ತಿಳಿಯಾಗಿರಲಿ, ಕಿವಿರು ಕೆಂಪಗಿರಲಿ, ಬೆರಳೊತ್ತಿದ ಗುಳಿ ಕೂಡಲೇ ತುಂಬಿಕೊಳ್ಳಲಿ. ಬಂಗುಡೆ, ತಾರ್ಲೆಯಲ್ಲಾದರೆ ಹೊಟ್ಟೆ ಒಡೆದಿದೆಯೇ ನೋಡಿ, ಮೊದಲು ಕೆಡುವುದು ಅದೇ. ಬಂಗುಡೆಯಂಥ ಮೀನುಗಳ ವಿಷಯದಲ್ಲಿ ಸ್ವಲ್ಪ ಗಂಭೀರವಾಗಿಯೇ ಹೇಳುತ್ತೇನೆ. ಬಂಗುಡೆ, ತಾರ್ಲೆ, ಟ್ಯೂನಾ ಐಸಿಲ್ಲದೆ ಬಿಸಿಲಿನಲ್ಲಿ ಉಳಿದರೆ ಅವುಗಳ ಮಾಂಸದಲ್ಲಿ ಅಲರ್ಜಿಯಂಥ ಲಕ್ಷಣ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ. ಬಾಯಿಗಿಟ್ಟಾಗ ಮಸಾಲೆಯದಲ್ಲದ ಒಂದು ಚುರುಕು ನಾಲಿಗೆಗೆ ತಾಗಿದರೆ ಅಲ್ಲಿಗೇ ನಿಲ್ಲಿಸಿ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುವುದು, ತಲೆನೋವು, ಮೈಮೇಲೆ ದದ್ದು ಕಂಡರೆ ವೈದ್ಯರ ಹತ್ತಿರ ಹೋಗಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ. ಜನ ಇದನ್ನು “ಮೀನಿನ ಅಲರ್ಜಿ” ಎಂದುಕೊಂಡು ಜೀವನಪೂರ್ತಿ ಬಂಗುಡೆ ಬಿಟ್ಟುಬಿಡುತ್ತಾರೆ, ಪಾಪ ಬಂಗುಡೆ.

ಹೆಸರು ಬದಲಿಸಿ ಕೊಡುವುದು ಇಲ್ಲಿಗಿಂತ ಘಟ್ಟದ ಮೇಲಿನ ಊರುಗಳಲ್ಲಿ ಹೆಚ್ಚು. ಪಾಪ್ಲೆಟ್ ಎಂದು ರೂಪ್‌ಚಂದ್ ಬಡಿಸುತ್ತಾರೆ. ಅದು ಕೆರೆಯಲ್ಲಿ ಸಾಕುವ ಸಿಹಿನೀರಿನ ಮೀನು, ಬಾಯಲ್ಲಿ ಗಟ್ಟಿ ಹಲ್ಲಿರುತ್ತದೆ. ಪಾಪ್ಲೆಟ್‌ನ ಬಾಯಿ ಚಿಕ್ಕದು, ಹೊಟ್ಟೆಯ ಕೆಳಗೆ ರೆಕ್ಕೆಯ ಜೋಡಿ ಇರುವುದಿಲ್ಲ. ಕಪ್ಪು ಪಾಪ್ಲೆಟ್ ಬೇರೆಯೇ ಕುಲದ್ದು, ರುಚಿ ಕೆಟ್ಟದ್ದಲ್ಲ, ಬಿಳಿಯದರ ಬೆಲೆ ಕೊಡಬೇಡಿ ಅಷ್ಟೇ.

ನಿಜ ಹೇಳಬೇಕೆಂದರೆ, ಪಾಪ್ಲೆಟ್ಟಿಗೂ ಇಸವಣಕ್ಕೂ ನೀವು ಇಷ್ಟು ದೂರ ಬರಬೇಕಾಗಿಲ್ಲ. ಅವು ಐಸಿನಲ್ಲಿ ಬೆಂಗಳೂರಿಗೂ ಬರುತ್ತವೆ. ಬರಬೇಕಾದದ್ದು ನೋಗ್ಲಿಗೆ, ತಾರ್ಲೆಗೆ, ತಿಸ್ರೆಗೆ, ಬಿಲ್ಲೂ ಹಗುರ. ನೋಗ್ಲಿಯ ಮಾಂಸ ಬೆಳ್ಳಗೆ, ನವಿರು. ಬೆನ್ನಿನ ಉದ್ದಕ್ಕೆ ಸೀಳಿ ಮೂಳೆಯ ತುದಿ ಹಿಡಿದೆತ್ತಿದರೆ ಮುಕ್ಕಾಲು ಮುಳ್ಳು ಒಟ್ಟಿಗೇ ಬರುತ್ತದೆ. ಮಗುವಿಗೆ ಕೊಡುವ ಮೊದಲು ಉಳಿದದ್ದನ್ನು ಬೆರಳಿನಿಂದ ಹಿಸುಕಿ ನೋಡಿ. ತಾರ್ಲೆ ಮಳೆಗಾಲ ಕಳೆದ ಮೇಲೆ ಮೈತುಂಬ ಎಣ್ಣೆ ಕಟ್ಟುತ್ತದೆ, ಡಿಸೆಂಬರಿನಲ್ಲಿ ಸಿಕ್ಕರೆ ಸಾರಿನಲ್ಲೇ ತಿನ್ನಿ. ಮುಳ್ಳು ಸಣ್ಣದು, ಬಹಳ, ಮಗುವಿಗೆ ಬೇಡ.

ತಿಸ್ರೆ ಸುಕ್ಕೆಯ (ಕಾಯಿ-ಮಸಾಲೆಯ ಒಣ ಪಲ್ಯ) ಒಂದು ಪ್ಲೇಟು ಮಧ್ಯದಲ್ಲಿಡಿ. ಕುಮಟಾ ಹತ್ತಿರದ ಅಘನಾಶಿನಿ ಹೊಳೆಯ ಅಳಿವೆ ಬಳಚಿಗೆ ಹೆಸರಾದದ್ದು. 2024ರಲ್ಲಿ ಅದು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬೆಂದ ಮೇಲೂ ಬಾಯಿ ಬಿಡದ ಚಿಪ್ಪು ಇದ್ದರೆ ಒಡೆದು ತಿನ್ನಬೇಡಿ, ಬದಿಗಿಡಿ. ಮರಳು ಹಲ್ಲಿಗೆ ಸಿಕ್ಕರೆ ನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟಿಲ್ಲ ಎಂದರ್ಥ. ಏಡಿಯನ್ನು ಗಾತ್ರ ನೋಡಿ ಆರಿಸಬೇಡಿ, ಕೈಯಲ್ಲೆತ್ತಿ ತೂಕ ನೋಡಿ. ಪೊರೆ ಕಳಚಿದ ಹೊಸತರಲ್ಲಿ ಚಿಪ್ಪು ದೊಡ್ಡದು, ಒಳಗೆ ನೀರು. ಹುಣ್ಣಿಮೆ-ಅಮಾವಾಸ್ಯೆಯ ಲೆಕ್ಕ ಹೇಳುವವರಿದ್ದಾರೆ. ನನಗೆ ಕೈಯ ಲೆಕ್ಕವೇ ಸಾಕು.

ಊಟ ಅಥವಾ ಥಾಲಿ ಹೇಳಿದರೆ ಅನ್ನ, ಮೀನು ಸಾರು, ಒಂದು ಸಣ್ಣ ಫ್ರೈ, ಒಂದು ಸುಕ್ಕೆ ಅಥವಾ ಪಲ್ಯ, ಸೋಲಕಢಿ (ಮುರುಗಲು ಅಂದರೆ ಕೋಕಂ, ತೆಂಗಿನ ಹಾಲಿನ ಪಾನೀಯ), ಉಪ್ಪಿನಕಾಯಿ ಬರುತ್ತದೆ. ಒಣ ಸಿಗಡಿಗೆ ಕಾಯಿತುರಿ, ಈರುಳ್ಳಿ ಕಲಸಿದ ಕಿಸ್ಮೂರ್ ಇದ್ದರೆ ನಿಮ್ಮ ಪುಣ್ಯ. ಹೋಟೆಲಿನ ಯೋಗ್ಯತೆ ಗೊತ್ತಾಗುವುದು ಫ್ರೈಯಲ್ಲಲ್ಲ, ಥಾಲಿಯ ಸಾರಿನಲ್ಲಿ. ಕಾಯಿ ನುಣ್ಣಗೆ ಅರೆದಿರಬೇಕು, ಹುಳಿ ಮುರುಗಲಿನದೋ ಅಂಬಟೆಯದೋ ಮಾವಿನದೋ ಎಂದು ನಾಲಿಗೆಗೆ ತಿಳಿಯಬೇಕು. ಬಂಗುಡೆ ಸಾರಿನಲ್ಲಿ ಕಾಳುಮೆಣಸಿಗಿಂತ ದೊಡ್ಡದಾದ, ಬಾಯಿ ಬಿರಿದ ಕಂದು ಕಾಯಿ ಸಿಕ್ಕರೆ ಅದು ತೆಪ್ಪಲ, ನಮ್ಮ ಘಟ್ಟದವರ ಜುಮ್ಮನಕಾಯಿ. ಘಮಕ್ಕೆ ಹಾಕಿದ್ದು. ಅಗಿದರೆ ನಾಲಿಗೆ ಜುಂ ಎನ್ನುತ್ತದೆ, ಎತ್ತಿ ಬದಿಗಿಡಿ. ಸೋಲಕಢಿಯನ್ನು ಕೊನೆಗೆ ಉಳಿಸಿಕೊಳ್ಳಿ.

ನಿಮ್ಮ ನಾಲ್ವರಿಗೆ ನಾನು ಹೇಳುವ ಆರ್ಡರು: ಎರಡು ಮೀನು ಥಾಲಿ, ಒಂದು ಸಸ್ಯಾಹಾರಿ ಊಟ, ಒಂದು ನೋಗ್ಲಿ ರವಾ, ಒಂದು ತಿಸ್ರೆ ಸುಕ್ಕೆ. ಮಗುವಿಗೆ ಥಾಲಿಯ ಅನ್ನವೇ ಸಾಕು. ಇಸವಣ ಬೇಕೇ ಬೇಕೆಂದರೆ ಎರಡನೇ ಸುತ್ತಿನಲ್ಲಿ ಒಂದೇ ತುಂಡು. ಸಸ್ಯಾಹಾರಿಯವರಿಗೆ ಕಾವಲಿ, ಎಣ್ಣೆ ಬೇರೆಯೇ ಎಂದು ಕೇಳದೆ ಏನೂ ತರಿಸಬೇಡಿ, ಸಣ್ಣ ಹೋಟೆಲಿನಲ್ಲಿ ಒಂದೇ ಇರುತ್ತದೆ. ಅವರಿಗೆ ಕಷ್ಟವಾದರೆ ಗೋಕರ್ಣದಲ್ಲಿ ಸರಿಹೋಗುತ್ತದೆ, ದೇವಸ್ಥಾನದ ಸುತ್ತ ಸಸ್ಯಾಹಾರಿ ಹೋಟೆಲುಗಳೇ. ವಾಪಸ್ ಶಿರಸಿ ಮೇಲೆ ಹೋಗುವುದಾದರೆ ಆ ದಿನ ಅವರದು: ತಂಬುಳಿ, ಮಾವಿನ ಅಪ್ಪೆಹುಳಿ ಕೇಳಿ, ತೊಡದೇವು ಎಂಬ ಸಿಹಿ ಕಟ್ಟಿಸಿಕೊಳ್ಳಿ. ಶಿರಸಿಯಲ್ಲಿ ಮೀನು ಹುಡುಕಬೇಡಿ.

ಡಿಸೆಂಬರ್ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ನಾಡದೋಣಿಯ ಮೀನು, ಹೊಳೆ ಮೀನು, ಒಣ ಮೀನು, ಇಲ್ಲವೇ ಪೂರ್ವ ಕರಾವಳಿಯಿಂದ ಐಸಿನಲ್ಲಿ ಬಂದದ್ದು. ಅಲ್ಲಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ವಾರದಲ್ಲಿ ಸೋಮವಾರ, ಶನಿವಾರ ಇಲ್ಲಿ ಎಷ್ಟೋ ಮನೆಗಳಲ್ಲಿ ಮೀನಿಲ್ಲ, ಹೋಟೆಲಿನಲ್ಲೂ ಮೀನು ಖರ್ಚಾಗುವುದು ಕಡಿಮೆ. ಬುಧವಾರ, ಭಾನುವಾರ ಹೋದರೆ ಹೊಸ ಮೀನು ಸಿಗುವ ಸಾಧ್ಯತೆ ಹೆಚ್ಚು.

ಬಿಲ್ಲಿನಲ್ಲಿ ಜಿಎಸ್‌ಟಿ 5% ಇರಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ) ಸಣ್ಣ ಹೋಟೆಲು ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ, ಹಾಗೆಂದು ಬಿಲ್ಲಿನ ಮೇಲೇ ಬರೆದಿರಬೇಕು.

ಊರಿಗೆ ಹಸಿ ಮೀನು ಒಯ್ಯುವ ಆಸೆಯಾದರೆ ಬೈತಖೋಲ, ಬೇಲೆಕೇರಿ, ತದಡಿ ಬಂದರಿನ ಕಡೆ ಬೆಳಿಗ್ಗೆ ಹೋಗಿ. ಹೊಟ್ಟೆ ತೆಗೆಸಿ, ತೊಳೆದು, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಪುಡಿ ಐಸು, ಒಂದು ಪದರ ಮೀನು. ಎರಡು ಕಿಲೋ ಮೀನಿಗೆ ಎರಡು ಕಿಲೋ ಐಸು. ಮೇಲಿನ ಪದರ ಐಸಿನದೇ ಇರಲಿ. ಕರಗಿದ ನೀರಿನಲ್ಲಿ ಮೀನು ನೆನೆಯಬಾರದು, ತಳದಲ್ಲಿ ಒಂದು ತೂತು ಮಾಡಿ ಕೆಳಗೆ ತಟ್ಟೆ ಇಡಿ. ಬಸ್ಸಿನಲ್ಲಿ ಹೋಗುವುದಾದರೆ ಮೊದಲೇ ಕಂಡಕ್ಟರನ್ನು ಕೇಳಿ.