ತಾತ, ಮೊಮ್ಮಗ ಇಬ್ಬರನ್ನೂ ಚಾರಿಟಿ ರೈಡ್‌ಗೆ ಕರೆದುಕೊಂಡು ಹೋಗಬಹುದಾ?

ನಿಮ್ಮ ಅಪ್ಪನಿಗೆ 67, ಮಗನಿಗೆ 11. ಮೂವರೂ ಸೇರಿ ಚಾರಿಟಿ ರೈಡ್ (ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಸೈಕಲ್ ಸವಾರಿ) ಮಾಡಿದರೆ ಮಗನಿಗೂ ಸೈಕಲ್ ಹುಚ್ಚು ಹಿಡಿಯುತ್ತದಾ ಅಂತ ಕೇಳಿದ್ದೀರಿ. ಹಿಡಿಯುತ್ತದೆ. ಆದರೆ ರೈಡ್ ದಿನ ಅಲ್ಲ, ಅದಕ್ಕೂ ಮುಂಚಿನ ಎರಡು ಮೂರು ತಿಂಗಳಲ್ಲಿ. ನಾನು ಅಪ್ಪ ಮತ್ತು ಮಗಳ ಜೊತೆ ಇಂಥ ಮೂರು ರೈಡ್ ಮಾಡಿದ್ದೇನೆ, ಮಾಡಬಾರದ್ದನ್ನೆಲ್ಲ ಮೊದಲನೆಯದರಲ್ಲೇ ಮಾಡಿ ಮುಗಿಸಿದ್ದೇನೆ.

ಮೊದಲ ಸಲ 50 ಕಿ.ಮೀ. ಆರಿಸಿಕೊಂಡೆ. ಯಾಕೆ? ನನಗೆ ಅದು ಲೆಕ್ಕಕ್ಕಿಲ್ಲದ ದೂರ, ಅಷ್ಟೇ. ಮಗಳಿಗೆ ಆಗ 9 ವರ್ಷ, ಗೇರ್ ಇಲ್ಲದ ಸೈಕಲ್. ಅವಳ 20 ಇಂಚಿನ ಚಕ್ರ ಒಂದು ಸುತ್ತಿಗೆ ಒಂದೂವರೆ ಮೀಟರ್ ಚಿಲ್ಲರೆ ಹೋಗುತ್ತದೆ, ನನ್ನದು ಎರಡು ಮೀಟರ್ ದಾಟುತ್ತದೆ. ಅದೇ ರಸ್ತೆಗೆ ಆ ಪುಟ್ಟ ಕಾಲು ನನಗಿಂತ ಎಷ್ಟು ಜಾಸ್ತಿ ತುಳಿಯಬೇಕು ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. 28ನೇ ಕಿಲೋಮೀಟರಿನಲ್ಲಿ ರಸ್ತೆ ಬದಿ ಕೂತು "ನನಗೆ ಸೈಕಲ್ಲೇ ಬೇಡ" ಅಂದಳು. ಅಪ್ಪ ಮರುಮಾತಾಡದೆ ಇಬ್ಬರ ಸೈಕಲನ್ನೂ ಹಿಂದೆ ಬರುತ್ತಿದ್ದ ಗಾಡಿಗೆ ಏರಿಸಿ ಅವಳ ಪಕ್ಕ ಕೂತರು. ನಾನು ಮಾತ್ರ ಹಟ ಹಿಡಿದು ಮುಗಿಸಿದೆ. ಮೆಡಲ್ ಹಾಕಿಕೊಂಡು ಒಬ್ಬನೇ ನಿಂತಿರುವ ಫೋಟೋ ಇದೆ, ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.

ಹಾಗಾಗಿ ದೂರ ಆರಿಸುವಾಗ ನಿಮ್ಮನ್ನು ಮರೆತುಬಿಡಿ. ಹೆಚ್ಚಿನ ರೈಡ್‌ಗಳಲ್ಲಿ ಎರಡು ಮೂರು ಬೇರೆ ಬೇರೆ ದೂರ ಇರುತ್ತವೆ. ಮಗ ನಗುನಗುತ್ತಾ ಮುಗಿಸುವ ದೂರ ಯಾವುದೋ ಅದನ್ನೇ ತೆಗೆದುಕೊಳ್ಳಿ, ಕಷ್ಟಪಟ್ಟು ಮುಗಿಸುವುದನ್ನಲ್ಲ. ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ಅವಮಾನ ಅಲ್ಲ ಅಂತ ಅಪ್ಪನಿಗೂ ಮೊದಲೇ ಹೇಳಿಬಿಡಿ. ಲಂಡನ್‌ನಿಂದ ಬ್ರೈಟನ್‌ಗೆ ಹೃದ್ರೋಗದ ಸಂಶೋಧನೆಗಾಗಿ ನಡೆಯುವ 54 ಮೈಲಿಯ ಪ್ರಸಿದ್ಧ ರೈಡ್‌ನಲ್ಲಿ ಕೊನೆಕೊನೆಗೆ ಡಿಚ್ಲಿಂಗ್ ಬೀಕನ್ ಅನ್ನೋ ಗುಡ್ಡ ಬರುತ್ತದೆ, ಅಲ್ಲಿ ಎಷ್ಟೋ ಜನ ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ಅಪ್ಪನಿಗೆ ಬಿ.ಪಿ., ಮಂಡಿ ನೋವು ಏನಾದರೂ ಇದ್ದರೆ ಹೆಸರು ಕೊಡುವ ಮುಂಚೆ ಡಾಕ್ಟರನ್ನು ಕೇಳಿ.

ಸಾಲು ಹೀಗಿರಲಿ: ಮುಂದೆ ತಾತ, ಮಧ್ಯೆ ಮಗ, ಹಿಂದೆ ನೀವು. ಸುಮ್ನೆ ಹೇಳುತ್ತಿಲ್ಲ. ನಮ್ಮಂಥವರು ಮುಂದೆ ಹೋದರೆ ಗೊತ್ತಿಲ್ಲದೆ ವೇಗ ಏರಿಸುತ್ತೇವೆ. ವಯಸ್ಸಾದವರು ಒಂದೇ ಹದದಲ್ಲಿ ತುಳಿಯುತ್ತಾರೆ, ಎದುರುಗಾಳಿಯೂ ಮಗುವಿಗೆ ಕಡಿಮೆ ತಾಗುತ್ತದೆ. ಹಿಂದಿನಿಂದ ನಿಮಗೆ ಇಬ್ಬರೂ ಕಾಣುತ್ತಾರೆ.

ಇನ್ನು ಆ ಎರಡು ಮೂರು ತಿಂಗಳ ವಿಷಯ. ನಮ್ಮಪ್ಪ ಟೈರಿಗೆ ಗಾಳಿ ಸಾಕಾ ಅಂತ ಹೆಬ್ಬೆರಳಿನಿಂದ ಒತ್ತಿ ನೋಡುವವರು. ಗಾಳಿಯ ಒತ್ತಡ ಅಳೆಯುವ ಗೇಜ್ ಅಂದರೆ ಆಗದು. "ನನ್ನ ಬೆರಳಿಗಿಂತ ಅದಕ್ಕೆ ಜಾಸ್ತಿ ಗೊತ್ತಾ?" ಒಂದು ಭಾನುವಾರ ಮಗಳು ಟೈರಿನ ಪಕ್ಕದಲ್ಲಿ ಉಬ್ಬಿಕೊಂಡಿದ್ದ ಅಕ್ಷರವನ್ನು ಬೆರಳಾಡಿಸಿ ಓದಿದಳು, ಒತ್ತಡ 50ರಿಂದ 75 ಪಿಎಸ್‌ಐ ಇರಬೇಕು ಅಂತ. ಗೇಜ್ ಹಾಕಿದರೆ 38. ಅಷ್ಟು ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಅಪ್ಪನಿಗೆ ಹಾಗೆ ಎರಡು ಸಲ ಆಗಿತ್ತು ಕೂಡ. ನಾನು ಹೇಳಿದ್ದರೆ ಜಗಳ. ಮೊಮ್ಮಗಳು ಹೇಳಿದ್ದಕ್ಕೆ ಪಂಪ್ ತಂದರು! ಅವತ್ತಿನಿಂದ ನಂಬರ್ ಓದುವ ಕೆಲಸ ಅವಳದು, ಪಂಪ್ ಹೊಡೆಯುವ ಕೆಲಸ ತಾತನದು. ನನಗೆ ಅಲ್ಲಿ ಕೆಲಸವೇ ಇಲ್ಲ.

ದುಡ್ಡು ಕೇಳುವುದು ತುಳಿಯುವುದಕ್ಕಿಂತ ಕಷ್ಟ. ರಿಜಿಸ್ಟ್ರೇಷನ್ ಫೀಸ್ ಬೇರೆ, ನೀವು ಸಂಗ್ರಹಿಸಿ ಕೊಡುವ ಹಣ ಬೇರೆ. ಎಷ್ಟು, ಯಾರಿಗೆ ಹೋಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ನಮ್ಮಪ್ಪ ಜೀವನದಲ್ಲಿ ಯಾರ ಮುಂದೆಯೂ ಕೈ ಚಾಚಿದವರಲ್ಲ, ಇದನ್ನೂ ಒಪ್ಪಲಿಲ್ಲ. ಆಗ ಮಗಳಿಗೆ ಪ್ಯಾನ್-ಮಾಸ್ ಚಾಲೆಂಜ್ ಕಥೆ ಹೇಳಿದೆ. ಅಮೆರಿಕದ ಬಿಲ್ಲಿ ಸ್ಟಾರ್ ಅನ್ನುವವರು, ಕ್ಯಾನ್ಸರ್‌ನಿಂದ ತಾಯಿಯನ್ನು ಕಳೆದುಕೊಂಡವರು, 1980ರಲ್ಲಿ 36 ಜನರ ಜೊತೆ ಶುರು ಮಾಡಿದ ರೈಡ್ ಅದು. ಅಪ್ಪ ಪೇಪರ್ ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಹೋಗಿದ್ದೂ ಅದೇ ಕಾಯಿಲೆಯಲ್ಲಿ. ಮಾರನೆಯ ದಿನ ತಮ್ಮ ಹಳೇ ಆಫೀಸ್ ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಮಗಳು ಪಕ್ಕದಲ್ಲಿ ಕೂತು ಹೆಸರು, ಮೊತ್ತ ಬರೆದುಕೊಂಡಳು. ಮುತ್ತಜ್ಜಿ ಬಗ್ಗೆ ಅವಳು ಅಷ್ಟೆಲ್ಲ ಕೇಳಿದ್ದು ಅವತ್ತೇ.

ಮಗಳಿಗೆ ಈಗ 12. ಮೊದಲು ಹೆಬ್ಬೆರಳಿನಿಂದ ಟೈರ್ ಒತ್ತಿ ಒಂದು ನಂಬರ್ ಹೇಳುತ್ತಾಳೆ, ಆಮೇಲೆ ಗೇಜ್ ಹಾಕುತ್ತಾಳೆ. ಹೋದ ವಾರ 60 ಅಂದಳು, ಗೇಜ್ 57 ತೋರಿಸಿತು. ಗೇಜ್ ಹಾಳಾಗಿದೆ ಅಂದರು ಅಪ್ಪ.