ಗ್ರಿನ್ 2ಎ ಕೆಲಸಕ್ಕೆ ಹೊರಟ ತಂಗಿಗೆ

ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ನನ್ನನ್ನು ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಇನ್ನೆರಡು ತಿಂಗಳಲ್ಲಿ ಪಿಎಚ್‌ಡಿಗೆ ಹೊರದೇಶಕ್ಕೆ ಹೊರಟಿದ್ದೀಯ. ಮಿದುಳಿನ ನರಕೋಶಗಳ ಒಂದು ರಿಸೆಪ್ಟರಿನ ತುಂಡನ್ನು ಮಾಡುವ ಗ್ರಿನ್ 2ಎ ಅನ್ನೋ ಜೀನ್ ಮೇಲೆ ಕೆಲಸ. ಅಲ್ಲಿ ಜೀವನ ಹೇಗಿರುತ್ತದೆ, ಒಂದೇ ಜೀನಿಗೆ ಐದು ವರ್ಷ ಕೊಡೋದು ಸರಿಯಾ, ಹೊರಡುವ ಮೊದಲು ಏನು ಓದಬೇಕು ಅಂತ ಕೇಳಿದ್ದೀಯ. ಇದೇ ಜೀನ್ ಕುಟುಂಬದ ಜೊತೆ ನಾನು ಹದಿನೇಳು ವರ್ಷ ಹೊರಗೆ ಕಳೆದಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮನೆ ಹುಡುಕೋದು, ಕಾಗದಪತ್ರ ಓಡಾಟ, ಇವು ಹೇಗೋ ಒಂದು ದಾರಿಗೆ ಬರುತ್ತವೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ನನ್ನನ್ನು ನಿಜಕ್ಕೂ ಸುಸ್ತು ಮಾಡಿದ್ದು ಭಾಷೆ. ಓದೋಕೆ, ಬರೆಯೋಕೆ ಚೆನ್ನಾಗಿ ಬರುತ್ತಿತ್ತು. ಆದರೆ ಮೀಟಿಂಗಿನಲ್ಲಿ ಐದಾರು ಜನ ಒಬ್ಬರ ಮೇಲೊಬ್ಬರು ಮಾತಾಡುವಾಗ ಒಂದೊಂದು ಪದವೂ ಗೊತ್ತಿದ್ದರೂ ಅವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಯಾರಾದರೂ ಹತ್ತಿರ ಬಂದು ನಿಧಾನವಾಗಿ ಏನಾದರೂ ಕೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನ ಆಗುತ್ತಿತ್ತು.

ಆ ದಿನಗಳಲ್ಲೇ ನಾನು ಲ್ಯಾಂಡೌ-ಕ್ಲೆಫ್ನರ್ ಕಾಯಿಲೆಯ ಬಗ್ಗೆ ಓದಿದ್ದು. 1957ರಲ್ಲಿ ಇದನ್ನು ಮೊದಲು ವಿವರಿಸಿದ ಇಬ್ಬರ ಹೆಸರೇ ಅದಕ್ಕಿದೆ. ಚೆನ್ನಾಗಿ ಮಾತಾಡುತ್ತಿದ್ದ ಮಗು ಒಂದು ದಿನ ಕರೆದರೆ ತಿರುಗಿ ನೋಡುವುದಿಲ್ಲ. ಕಿವಿ ಕೇಳಿಸುತ್ತಿಲ್ಲ ಅಂದುಕೊಂಡು ಅಪ್ಪ ಅಮ್ಮ ಪರೀಕ್ಷೆ ಮಾಡಿಸುತ್ತಾರೆ. ಕಿವಿ ಸರಿಯಾಗಿಯೇ ಇರುತ್ತದೆ. ಸದ್ದು ಒಳಗೆ ಹೋಗುತ್ತದೆ, ಆದರೆ ಅದು ಪದವಾಗುವುದಿಲ್ಲ. ನಿದ್ದೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆದರೆ ಮಿದುಳಿನ ತುಂಬ ಮೂರ್ಛೆರೋಗದ ಅಲೆಗಳು. ಇಂಥ ಮಕ್ಕಳಲ್ಲಿ ಒಂದು ಪಾಲಿಗೆ ಗ್ರಿನ್ 2ಎ ಜೀನಿನಲ್ಲಿ ದೋಷ ಇದೆ ಅಂತ 2013ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ನನ್ನ ಸುಸ್ತಿಗೂ ಆ ಮಕ್ಕಳ ನಷ್ಟಕ್ಕೂ ಹೋಲಿಕೆಯೇ ಇಲ್ಲ. ನನಗೆ ಪರಭಾಷೆ ಕೈ ಕೊಡುತ್ತಿತ್ತು, ಅವರಿಗೆ ಅಮ್ಮನ ಮಾತೇ ಅರ್ಥವಾಗದೆ ಹೋಗುತ್ತದೆ. ಆದರೂ ಆ ಸುಸ್ತು ಇಲ್ಲದಿದ್ದರೆ, ಒಂದು ಸದ್ದು ಪದವಾಗೋಕೆ ಮಿದುಳು ಎಷ್ಟು ಕೆಲಸ ಮಾಡಬೇಕು ಅನ್ನೋದು ನನ್ನ ಮೈಗೆ ತಟ್ಟುತ್ತಿರಲಿಲ್ಲ. ನಾನು ಈ ಜೀನನ್ನು ಬಿಡದೆ ಹಿಡಿದದ್ದು ಅದಕ್ಕೇ.

ಇನ್ನು ಒಂದು ಜೀನಿಗೆ ಐದು ವರ್ಷ ಸಾಕಾ, ಜಾಸ್ತಿಯಾ ಅನ್ನೋ ಪ್ರಶ್ನೆ. ಇದನ್ನು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ ಹಾಗೆಯೇ ನಿನಗೂ ಹೇಳುತ್ತೇನೆ. ನರಕೋಶದ ಗೋಡೆಯಲ್ಲಿ ಒಂದು ಬಾಗಿಲಿದೆ, ಎನ್‌ಎಂಡಿಎ ರಿಸೆಪ್ಟರ್ ಅಂತ. ಅದಕ್ಕೆ ಎರಡು ಬೀಗದಕೈ ಬೇಕು. ಒಂದು ಆಚೆಯ ಕೋಶ ಬಿಡುವ ಗ್ಲುಟಮೇಟ್ ಅನ್ನೋ ರಾಸಾಯನಿಕ, ಇನ್ನೊಂದು ಗ್ಲೈಸಿನ್ ಅಥವಾ ಡಿ-ಸೆರೀನ್. ಎರಡೂ ಬಂದರೂ ಸಾಲದು. ಬಾಗಿಲ ಕಂಡಿಯಲ್ಲಿ ಮೆಗ್ನೀಷಿಯಂ ಬಿರಡೆ ಹಾಕಿದ ಹಾಗೆ ಕೂತಿರುತ್ತದೆ. ಕೋಶ ಆಗಲೇ ಎಚ್ಚರಗೊಂಡು ಅದರ ವೋಲ್ಟೇಜ್ ಏರಿದ್ದರೆ ಮಾತ್ರ ಆ ಬಿರಡೆ ಕಳಚಿಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಆ ಎರಡು ಕೋಶಗಳ ನಡುವಿನ ಕೊಂಡಿ ಬಲವಾಗುತ್ತದೆ. ಅಂದರೆ ಆಚೆಯ ಕೋಶ ಕರೆದದ್ದೂ ಈಚೆಯ ಕೋಶ ಎಚ್ಚರವಿದ್ದದ್ದೂ ಒಂದೇ ಹೊತ್ತಿಗೆ ಆದಾಗ ಮಾತ್ರ ಬಾಗಿಲು ತೆರೆಯುತ್ತದೆ. ಕಲಿಕೆಗೆ ಬೇಕಾದದ್ದು ಇದೇ ಅಲ್ವಾ? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಿರಡೆ ಸಡಿಲ ಆದರೆ ಏನಾಗುತ್ತೆ?" ಅಂತ ಕೇಳಿದಳು. ನನ್ನ ಥೀಸಿಸ್‌ನ ಅರ್ಧ ಭಾಗ ಆ ಪ್ರಶ್ನೆಯ ಮೇಲೆಯೇ ನಿಂತಿತ್ತು. ಮಾಡುವ ಕೆಲಸವನ್ನು ವಾರಕ್ಕೊಮ್ಮೆಯಾದರೂ ಮನೆಯವರಿಗೆ ಕನ್ನಡದಲ್ಲಿ ಹೇಳು. ಎಲ್ಲಿ ತಡವರಿಸುತ್ತೀಯೋ ಅದು ನಿನಗೇ ಅರ್ಥವಾಗದ ಜಾಗ.

ಆ ಬಾಗಿಲನ್ನು ನಾಲ್ಕು ತುಂಡು ಸೇರಿಸಿ ಕಟ್ಟಿದೆ. ಸಾಮಾನ್ಯವಾಗಿ ಎರಡು ತುಂಡು ಗ್ರಿನ್ 1 ಜೀನಿನದು, ಉಳಿದೆರಡು ಗ್ರಿನ್ 2 ಗುಂಪಿನವು. ಹುಟ್ಟುವ ಮೊದಲು ಗ್ರಿನ್ 2ಬಿಯ ಕಾರುಬಾರು ಜಾಸ್ತಿ. ಹುಟ್ಟಿದ ಮೇಲೆ ನಿನ್ನ ಗ್ರಿನ್ 2ಎ ಏರುತ್ತಾ ಬರುತ್ತದೆ. 2ಎ ಇರುವ ಬಾಗಿಲು 2ಬಿ ಬಾಗಿಲಿಗಿಂತ ಬೇಗ ಮುಚ್ಚಿಕೊಳ್ಳುತ್ತದೆ. ಮಗು ಮಾತು ಕಲಿಯುವ ವಯಸ್ಸಿನಲ್ಲಿ ಮಿದುಳಿನೊಳಗೆ ಇಷ್ಟು ದೊಡ್ಡ ಬದಲಾವಣೆ ನಡೆಯುತ್ತಿರುತ್ತದೆ. ಇದು ನನಗೆ ಇವತ್ತಿಗೂ ಸೋಜಿಗ.

ಗ್ರಿನ್ 2ಎ ಪ್ರೋಟೀನ್ ಅಂದರೆ 1464 ಅಮೈನೋ ಆಮ್ಲಗಳ ಸರ. ಅದರಲ್ಲಿ ಒಂದೇ ಒಂದು ಮಣಿ ಬದಲಾದರೂ ಕಾಯಿಲೆ ಬರಬಹುದು. ಆದರೆ ಯಾವ ಕಡೆಗೆ? ಬಾಗಿಲು ತೆರೆಯದೆ ಹೋಯಿತಾ, ಮುಚ್ಚದೆ ಹೋಯಿತಾ? ನಿನಗೆ ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ಮಾತು ಇದೇ. ಜೀನಿನ ಹೆಸರು ಕೇಳಿ ಏನನ್ನೂ ತೀರ್ಮಾನ ಮಾಡಬೇಡ. ಒಂದೊಂದು ಬದಲಾವಣೆಯನ್ನೂ ಕೂತು ಅಳೆಯಬೇಕು. ಕೋಶದ ಪೊರೆಯನ್ನು ಹಾದುಹೋಗುವ ಭಾಗದಲ್ಲೋ ಅದರ ಪಕ್ಕದ ಕೊಂಡಿಗಳಲ್ಲೋ ಮಣಿ ಬದಲಾದರೆ ಬೆಳವಣಿಗೆಗೇ ದೊಡ್ಡ ಪೆಟ್ಟು ಬೀಳುವುದು ಹೆಚ್ಚು. ಜೀನಿನ ಒಂದು ಪ್ರತಿ ಪೂರ್ತಿ ಕೆಲಸ ಬಿಟ್ಟರೆ ಸಾಮಾನ್ಯವಾಗಿ ತೊಂದರೆ ಅದಕ್ಕಿಂತ ಕಡಿಮೆ. ಹೆಚ್ಚಾಗಿ ಫಿಟ್ಸ್ ಮತ್ತು ಮಾತಿನ ತೊಡಕು. ಪೂರ್ತಿ ಇಲ್ಲದಿರುವುದಕ್ಕಿಂತ ತಪ್ಪು ಇರುವುದು ಕೆಟ್ಟದ್ದಾಗುತ್ತದೆ ಅನ್ನೋದನ್ನು ಒಪ್ಪಿಕೊಳ್ಳೋಕೆ ನನಗೆ ಸಮಯ ಹಿಡಿಯಿತು.

ಅಳೆಯೋದು ಹೇಗೆ ಅಂತ ನಿನಗೆ ಬೇಗ ಗೊತ್ತಾಗುತ್ತದೆ. ಒಂದು ಜಾತಿಯ ಆಫ್ರಿಕನ್ ಕಪ್ಪೆಯ ಮೊಟ್ಟೆ, ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಗುಂಡು, ಅರ್ಧ ಕಂದು, ಅರ್ಧ ಕೆನೆಬಣ್ಣ. ಅದಕ್ಕೆ ಆರ್‌ಎನ್‌ಎ, ಅಂದರೆ ಜೀನಿನ ಸಂದೇಶದ ಪ್ರತಿ, ಚುಚ್ಚಿ ಒಂದೆರಡು ದಿನ ಕಾದರೆ, ಮನುಷ್ಯನ ರಿಸೆಪ್ಟರ್ ಆ ಮೊಟ್ಟೆಯ ಮೈಮೇಲೆ ಮೂಡುತ್ತದೆ. ಎರಡು ಎಲೆಕ್ಟ್ರೋಡ್ ಚುಚ್ಚಿ ಗ್ಲುಟಮೇಟ್, ಗ್ಲೈಸಿನ್ ಹರಿಸಿದರೆ ಬಾಗಿಲು ತೆರೆದು ಕರೆಂಟ್ ಹರಿದು, ಪರದೆಯ ಮೇಲಿನ ಗೆರೆ ಕೆಳಕ್ಕೆ ಬಾಗಬೇಕು. ಮೊದಲ ವರ್ಷ ನನ್ನ ಒಂದು ವೇರಿಯಂಟ್‌ಗೆ, ಅಂದರೆ ಮಣಿ ಬದಲಾದ ರಿಸೆಪ್ಟರಿಗೆ, ಮೂರು ವಾರ ಗೆರೆ ಸರಿಯಾಗಿ ಅಲ್ಲಾಡಲೇ ಇಲ್ಲ. ಇದು ಸತ್ತ ರಿಸೆಪ್ಟರ್ ಅಂತ ನೋಟ್‌ಬುಕ್‌ನಲ್ಲಿ ಬರೆದೂ ಬಿಟ್ಟೆ. ಒಬ್ಬ ಹಿರಿಯ ಟೆಕ್ನಿಶಿಯನ್ ಬಂದು ಬಾಟಲಿಯ ಚೀಟಿ ಓದಿದರು. ಬೇರೆ ಪ್ರಯೋಗಕ್ಕೆ ಮಾಡಿಟ್ಟ ದ್ರಾವಣ, ಅದರಲ್ಲಿ ಮೆಗ್ನೀಷಿಯಂ ಇತ್ತು. ಬಿರಡೆಯನ್ನು ನಾನೇ ಕೈಯಾರೆ ಹಾಕಿ ಕೂತಿದ್ದೆ. ಅದೇ ಬಾಟಲಿಯಲ್ಲಿ ಸಾಮಾನ್ಯ ರಿಸೆಪ್ಟರನ್ನೂ ಓಡಿಸಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ದ್ರಾವಣ ಬದಲಿಸಿದ ಮಧ್ಯಾಹ್ನ ಗೆರೆ ನಿಧಾನವಾಗಿ ಕೆಳಗಿಳಿಯಿತು. ಸಾಮಾನ್ಯಕ್ಕಿಂತ ಸ್ವಲ್ಪ ಕಡಿಮೆ, ಆದರೆ ಜೀವ ಇತ್ತು. ಆ ವೇರಿಯಂಟ್ ಎಲ್ಲೋ ಒಂದು ಮಗುವಿನ ರಿಪೋರ್ಟಿನಲ್ಲಿತ್ತು. ಅದಕ್ಕೇ ಆ ಮೂರು ವಾರ ನನಗೆ ಮರೆಯೋಕೆ ಆಗಿಲ್ಲ.

ಯಾಕೆ ಅಂದರೆ ಔಷಧಿಯ ಯೋಚನೆ ಈ ಗೆರೆಯಿಂದಲೇ ಶುರುವಾಗುತ್ತದೆ. ಬಾಗಿಲು ಜಾಸ್ತಿ ತೆರೆಯುವ ಕೆಲವು ಮಕ್ಕಳಿಗೆ, ಆಲ್ಝೈಮರ್‌ಗೆ ಕೊಡುವ ಮೆಮಾಂಟಿನ್ ಅನ್ನು ವೈದ್ಯರು ಕೊಟ್ಟು ನೋಡಿದ್ದಾರೆ. ಅದು ಅದೇ ಕಂಡಿಯನ್ನು ಮುಚ್ಚುವ ಔಷಧಿ. ಕೆಲವರಿಗೆ ಫಿಟ್ಸ್ ಕಡಿಮೆಯಾಗಿದೆ, ಎಲ್ಲರಿಗೂ ಅಲ್ಲ. ಬಾಗಿಲು ಕಡಿಮೆ ತೆರೆಯುವವರಿಗೆ ಎಲ್-ಸೆರೀನ್ ಕೊಟ್ಟು ನೋಡುತ್ತಿದ್ದಾರೆ. ದೇಹ ಅದರಿಂದ ಡಿ-ಸೆರೀನ್ ಮಾಡಿಕೊಳ್ಳುತ್ತದೆ, ಅಂದರೆ ಎರಡನೇ ಬೀಗದಕೈ. ಗ್ರಿನ್ 2ಬಿ ದೋಷವಿದ್ದ ಒಂದು ಮಗುವಿಗೆ ಇದರಿಂದ ಸುಧಾರಣೆ ಕಂಡದ್ದು 2019ರಲ್ಲಿ ವರದಿಯಾಯಿತು. ಎರಡೂ ಇನ್ನೂ ಎಳೆಯ ಹೆಜ್ಜೆಗಳು. ಆದರೆ ಗೆರೆಯನ್ನು ತಪ್ಪಾಗಿ ಓದಿದರೆ ಮುಚ್ಚಬೇಕಾದ ಬಾಗಿಲನ್ನು ತೆರೆಯೋಕೆ ಹೋಗುತ್ತೇವೆ.

ಒಂದು ವೇಳೆ ನಿನ್ನ ಲ್ಯಾಬಿಗೂ ಕುಟುಂಬಗಳು ಬಂದರೆ ತಪ್ಪಿಸಿಕೊಳ್ಳಬೇಡ, ಹೋಗಿ ಕೂತುಕೋ. ನಾನು ಹೋದ ಮೊದಲ ಸಲ ಒಬ್ಬ ತಾಯಿ ಮಡಚಿ ಮಡಚಿ ಸವೆದುಹೋದ ಒಂದು ಹಾಳೆ ತಂದಿದ್ದರು. ಮಗಳ ಜೀನ್ ರಿಪೋರ್ಟ್. ಅವರ ಭಾಷೆಯೂ ಆ ದೇಶದ್ದಲ್ಲ, ನನ್ನದೂ ಅಲ್ಲ. ಇಬ್ಬರೂ ಹುಡುಕಿ ಹುಡುಕಿ ಮಾತಾಡಿದೆವು. ಅವರು ಕೇಳಿದ್ದು ಒಂದೇ, "ಇದು ನನ್ನಿಂದ ಬಂತಾ?" ರಿಪೋರ್ಟಿನಲ್ಲಿ ಡಿ ನೋವೋ ಅಂತ ಇತ್ತು. ತಂದೆ ತಾಯಿ ಇಬ್ಬರ ರಕ್ತದಲ್ಲೂ ಕಾಣದೆ ಮಗುವಿನಲ್ಲಿ ಹೊಸದಾಗಿ ಬಂದದ್ದು, ಅದಕ್ಕೆ ನೀವು ಮಾಡಿದ, ಮಾಡದೆ ಬಿಟ್ಟ ಯಾವುದೂ ಕಾರಣ ಅಲ್ಲ ಅಂತ ನಾನು ಮೂರು ಬಗೆಯಲ್ಲಿ ಹೇಳಿದೆ. ಮೂರನೇ ಸಲ ಅವರು ನನ್ನ ಕೈ ಹಿಡಿದುಕೊಂಡರು. ವರ್ಷಗಟ್ಟಲೆ ಅವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಗ್ರಿನ್ 2ಎ ದೋಷ ತಂದೆ ತಾಯಿಯಿಂದ ಬರುವುದೂ ಉಂಟು, ಹಾಗಾಗಿ ರಿಪೋರ್ಟ್ ಓದದೆ ಸಮಾಧಾನ ಹೇಳಬೇಡ. ಚಿಕಿತ್ಸೆಯ ಮಾತು ಬಂದರೆ ವೈದ್ಯರ ಹತ್ತಿರ, ಜೆನೆಟಿಕ್ ಕೌನ್ಸಿಲರ್ ಹತ್ತಿರ ಕಳಿಸು. ನಾವು ಗೆರೆ ಓದುವವರು.

ಮಕ್ಕಳ ಕಾಯಿಲೆ ಒಂದೇ ಅಲ್ಲ. 2007ರಲ್ಲಿ ನರರೋಗ ತಜ್ಞ ಜೋಸೆಪ್ ಡಾಲ್ಮಾವ್ ಅವರ ತಂಡ ತೋರಿಸಿದ ಹಾಗೆ, ನಮ್ಮದೇ ದೇಹದ ಆಂಟಿಬಾಡಿಗಳು ಇದೇ ರಿಸೆಪ್ಟರಿಗೆ ಅಂಟಿಕೊಂಡರೆ ಆರೋಗ್ಯವಾಗಿದ್ದವರಿಗೆ ಭ್ರಮೆ, ಫಿಟ್ಸ್ ಶುರುವಾಗುತ್ತವೆ. ಬೇಗ ಗುರುತಿಸಿದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಯ ಅಪಾಯವನ್ನು ತುಂಬ ಹೆಚ್ಚಿಸುವ ಹತ್ತು ಜೀನ್‌ಗಳ ಪಟ್ಟಿ 2022ರಲ್ಲಿ ಬಂದಾಗ ಅದರಲ್ಲೂ ಗ್ರಿನ್ 2ಎ ಇತ್ತು. ಐದು ವರ್ಷ ಜಾಸ್ತಿಯಾ ಅಂತ ಕೇಳಿದೆಯಲ್ಲ, ನನಗೆ ಹದಿನೇಳು ಸಾಕಾಗಿಲ್ಲ.

ಒಂಟಿತನದ ಬಗ್ಗೆ ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ. ರಾತ್ರಿ ಹತ್ತು ಗಂಟೆಗೆ ಕತ್ತಲೆ ಕೋಣೆಯಲ್ಲಿ ಮೊಟ್ಟೆಗಳ ಜೊತೆ ಕೂತಾಗ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದರೆ ತುಂಬ ಕಷ್ಟ. ಅಂಥ ದಿನ ಪ್ರಯೋಗ ನಿಲ್ಲಿಸಿ ಮನೆಗೆ ಹೋಗು. ಗೈಡ್‌ಗೆ ಬಾಯಿಬಿಟ್ಟು ಹೇಳು. ಸುಮ್ನೆ ನಕ್ಕು ತಲೆ ಆಡಿಸಿದರೆ ಎಲ್ಲ ಸರಿ ಇದೆ ಅಂತಲೇ ಅಂದುಕೊಳ್ಳುತ್ತಾರೆ. ಅರ್ಥವಾಗದಿದ್ದರೆ ಅಲ್ಲೇ ಇನ್ನೊಮ್ಮೆ ಕೇಳು. ನಾನು ಎರಡು ವರ್ಷ ಕೇಳದೆ ಕಳೆದೆ.

ಓದುವುದಕ್ಕೆ ದೊಡ್ಡ ಪಟ್ಟಿ ಬೇಡ. ಮೆಗ್ನೀಷಿಯಂ ಈ ಬಾಗಿಲಿಗೆ ಬಿರಡೆ ಹಾಕುತ್ತದೆ ಅಂತ 1984ರಲ್ಲಿ ಎರಡು ತಂಡಗಳು ತೋರಿಸಿದವು. ಆ ಎರಡು ಪೇಪರ್ ಓದಿಕೊಂಡು ಬಾ. ಅದರಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಗೆರೆ ಇದೆ, ಮೆಗ್ನೀಷಿಯಂ ಇದ್ದಾಗ ಒಂದು ಥರ, ಇಲ್ಲದಿದ್ದಾಗ ಇನ್ನೊಂದು ಥರ. ಎರಡನ್ನೂ ಪೆನ್ಸಿಲ್ ಹಿಡಿದು ನೀನೇ ಒಂದು ಹಾಳೆಯಲ್ಲಿ ಬರೆದುಕೋ. ಹೋದ ಮೇಲೆ ಆ ಹಾಳೆಯನ್ನು ನಿನ್ನ ದ್ರಾವಣದ ಬಾಟಲಿಗಳ ಮೇಲಿನ ಗೋಡೆಗೆ ಅಂಟಿಸು.