ಗಡಿ ಕಾದವರಿಗೆ ಕಾಲರಾ ಗೊತ್ತಿಲ್ವಾ?

ಸಿಂಧನೂರಿನ ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಸೈನ್ಯದಿಂದ ನಿವೃತ್ತರಾಗಿ ಆಫ್ರಿಕಾಕ್ಕೆ ಲಸಿಕೆ ಕೆಲಸಕ್ಕೆ ಹೋದ ನಮ್ಮ ಭಾಗದ ಅಧಿಕಾರಿಯೊಬ್ಬರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. "ಗಡಿ ಕಾದವರಿಗೆ ಕಾಲರಾ ಏನು ಗೊತ್ತು? ಅದನ್ನು ಡಾಕ್ಟರಿಗೆ ಬಿಡಲಿ" ಅಂತ ನೀವು ಬರೆದಿದ್ದೀರಿ.

ಒಂದು ಮಾತು ಒಪ್ಪುತ್ತೇನೆ. ಹುಕುಂ ಕೊಟ್ಟು ಆರೋಗ್ಯ ತರೋಕೆ ಆಗುವುದಿಲ್ಲ. ತುರ್ತು ಪರಿಸ್ಥಿತಿಯ ಬಲವಂತದ ಸಂತಾನಹರಣ ಆಪರೇಷನ್‌ಗಳನ್ನು ಜನ ಇನ್ನೂ ಮರೆತಿಲ್ಲ.

ಆದರೆ ನೀವು ನಾರುಹುಣ್ಣು, ಅಂದರೆ ಕುಡಿಯುವ ನೀರಿನಿಂದ ಮೈಯೊಳಗೆ ಹುಳ ಸೇರುವ ರೋಗ, ನೋಡಿದ ಕಾಲದವರು, ಅಲ್ವಾ? ನಮ್ಮಜ್ಜಿಯ ಊರು ಕುಷ್ಟಗಿ ಕಡೆ. ಎಲ್ಲರೂ ಮೆಟ್ಟಿಲು ಬಾವಿಗೆ ಇಳಿದೇ ಕೊಡ ತುಂಬುತ್ತಿದ್ದರು. ಅಜ್ಜಿಯ ಕಾಲಿಂದ ಹೊರಬಂದ ಹುಳವನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೆಯುತ್ತಿದ್ದರು, ಅವಸರ ಮಾಡಿದರೆ ತುಂಡಾಗಿ ಒಳಗೇ ಉಳಿದು ಕಾಲು ಕೀವು ಹಿಡಿಯುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಇವತ್ತಿಗೂ ಇಲ್ಲ. ಆದರೂ 1996ರ ನಂತರ ದೇಶದಲ್ಲಿ ಒಂದು ಕೇಸೂ ಬಂದಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರವೂ ಬಂತು. ಹೇಗೆ ಹೋಯಿತು? ಮನೆ ಮನೆಗೆ ಹೋಗಿ ಯಾರಿಗೆ ಹುಳ ಇದೆ ಅಂತ ಪಟ್ಟಿ ಮಾಡಿದರು. ಇಳಿಯುವ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಹಾಕಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಬೇಸರವಿಲ್ಲದೆ ಹೇಳಿದರು. ಎಣಿಸುವುದು, ಸಾಮಾನು ತಲುಪಿಸುವುದು, ಕೊನೇ ಮನೆಯನ್ನೂ ಬಿಡದಿರುವುದು. ಇದು ಫೌಜಿನವರಿಗೆ ಕೈಗೆ ಹತ್ತಿದ ಕೆಲಸ.

ಮೇಜರ್ ಜನರಲ್ ಸಾಹಿಬ್ ಸಿಂಗ್ ಸೋಖೆ ಅವರ ಹೆಸರು ಕೇಳಿದ್ದೀರಾ? ಸೈನ್ಯದ ಡಾಕ್ಟರು. ಲಸಿಕೆ ತಯಾರಿಸುವ ಮುಂಬೈಯ ಹಾಫ್ಕಿನ್ ಸಂಸ್ಥೆ ನಡೆಸಿದರು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯಕ ಮಹಾನಿರ್ದೇಶಕರಾದರು. ಔಷಧಿ ನಮ್ಮಲ್ಲೇ ತಯಾರಾಗಬೇಕು, ಬಡವನ ಕೈಗೆಟುಕಬೇಕು ಅಂತ ಹಟ ಹಿಡಿದರು. ಅವರ ನೇತೃತ್ವದ ಸಮಿತಿ ಸ್ವಾತಂತ್ರ್ಯಕ್ಕೂ ಮುಂಚೆಯೇ ಸಾವಿರ ಜನಕ್ಕೊಬ್ಬ ಆರೋಗ್ಯ ಕಾರ್ಯಕರ್ತ ಬೇಕು ಅಂದಿತ್ತು. ಆಶಾ ಕಾರ್ಯಕರ್ತೆಯರು ಬಂದದ್ದು 2005ರಲ್ಲಿ, ಹಳ್ಳಿಯ ಸಾವಿರ ಜನಕ್ಕೊಬ್ಬರಂತೆ! ಅಷ್ಟು ವರ್ಷ ನಾವು ಏನು ಮಾಡುತ್ತಿದ್ದೆವು?

ನನ್ನ ಸಂಕಟ ಅಲ್ಲೇ ಇದೆ. ಆ ಆಶಾ ಅಕ್ಕಂದಿರು ಇವತ್ತಿಗೂ ಗೌರವಧನಕ್ಕೆ ಧರಣಿ ಕೂರಬೇಕು. ಹಿಮದಲ್ಲಿ ರೇಷನ್ ತಲುಪಿಸಿದ ಹವಾಲ್ದಾರರು ಊರಿಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾರೆ. ಬೇಸಿಗೆಯಲ್ಲಿ ಮಾನ್ವಿ, ದೇವದುರ್ಗದ ತಾಂಡಾಗಳಿಗೆ ಲಸಿಕೆಯ ಡಬ್ಬಿ ತಣ್ಣಗೆ ತಲುಪಿಸೋಕೆ ಅವರನ್ನು ಯಾರೂ ಕರೆಯುವುದಿಲ್ಲ.

ಮೇಷ್ಟ್ರೇ, ಪಾಠ ಹೇಳಿದ ನೀವೇ ಹೀಗೆ ಬರೆದದ್ದು ನನಗೆ ನೋವಾಯಿತು. ನಿಮ್ಮೂರಲ್ಲಿ ಫೌಜಿನಿಂದ ಬಂದವರು ಎಷ್ಟು ಜನ ಇದ್ದಾರೆ, ಈಗೇನು ಮಾಡುತ್ತಿದ್ದಾರೆ, ವಿಚಾರಿಸಿ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇನೆ.

— ಸಂಪಾದಕ